ದಿನಕ್ಕೆ ಹದಿನೈದು ನಿಮಿಷ, ಒಂದು ಹಿಡಿ ಅಕ್ಕಿ

ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಸಿ ಹೊರಗೆ ಬರುವಾಗ ಮನಸ್ಸು ತುಂಬಿರುತ್ತದೆ. ಬುಧವಾರದ ಹೊತ್ತಿಗೆ ಅದೇ ಮನಸ್ಸು ಆಫೀಸು, ಇಎಂಐ, ಮಕ್ಕಳ ಪರೀಕ್ಷೆಯಲ್ಲಿ ಮುಳುಗಿಹೋಗಿರುತ್ತದೆ. ನಂಬಿಕೆ ಎಲ್ಲೂ ಹೋಗಿಲ್ಲ. ಉಳಿದ ಆರು ದಿನ ಅದಕ್ಕೆ ಮನೆಯಲ್ಲಿ ಒಂದು ಹೊತ್ತು, ಒಂದು ಕೆಲಸ ಅಂತ ನಾವು ಇಟ್ಟಿಲ್ಲ.

ಸತ್ಯವೇದದ (ಬೈಬಲ್‌ನ) ಒಂದು ಭಾಗವಾದ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಈ ವಿಷಯದಲ್ಲಿ ಮುಲಾಜಿಲ್ಲದೆ ಮಾತಾಡುತ್ತದೆ. ಉಡಲು ಬಟ್ಟೆಯಿಲ್ಲದೆ, ಅಂದಿನ ಊಟಕ್ಕೂ ಗತಿಯಿಲ್ಲದೆ ಬಂದವರಿಗೆ ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಎಂದು ಕೇಳುತ್ತದೆ. ಹಾಗಾಗಿ ಪ್ರಾರ್ಥನೆ, ಓದು ಅಂತ ರೂಢಿ ಶುರು ಮಾಡುವ ಮೊದಲೇ ಒಂದನ್ನು ಗಟ್ಟಿ ಮಾಡಿಕೊಳ್ಳಿ: ಬೆಳಿಗ್ಗೆ ಓದಿದ್ದು ಸಂಜೆಯೊಳಗೆ ಕೈಗೆ ಇಳಿಯಬೇಕು.

ಹೊತ್ತು ಹಿಡಿಯಿರಿ

ಹೊಸದಾಗಿ ಸಮಯ ಹುಡುಕಬೇಡಿ, ಸಿಗುವುದಿಲ್ಲ. ಈಗಾಗಲೇ ದಿನಾ ಮಾಡುವ ಕೆಲಸಕ್ಕೆ ಅಂಟಿಸಿ. ಬೆಳಗಿನ ಕಾಫಿ ಕುಡಿಯುವ ಕುರ್ಚಿಯ ಪಕ್ಕದಲ್ಲೇ ಸತ್ಯವೇದ ಇರಲಿ. ಕಪಾಟಿನಲ್ಲಿ ಬೇಡ, ಕೈಗೆ ಸಿಗುವ ಕಡೆ. ಮೊಬೈಲ್‌ನಲ್ಲಿ ಓದುವವರು ಹದಿನೈದು ನಿಮಿಷ ನೆಟ್ ಆಫ್ ಮಾಡಿಕೊಳ್ಳಿ. ರಾತ್ರಿ ಪಾಳಿಯವರಿಗೆ ಬೆಳಗ್ಗೆಯೇ ಆಗಬೇಕೆಂಬ ಕಟ್ಟಳೆ ಏನಿಲ್ಲ. ಎದ್ದ ಹೊತ್ತೇ ಅವರ ಮುಂಜಾನೆ.

ಚಿಕ್ಕದಾಗಿ ಓದಿ

ಇಲ್ಲಿ ನಾನು ಎಡವಿದ್ದನ್ನು ಹೇಳಬೇಕು. ಒಂದು ವರ್ಷ ಜನವರಿ 1ರಂದು ಇಡೀ ಸತ್ಯವೇದ ಡಿಸೆಂಬರ್ ಒಳಗೆ ಮುಗಿಸುತ್ತೇನೆ ಅಂತ ಕೂತೆ. ಒಟ್ಟು 1,189 ಅಧ್ಯಾಯ, ಅಂದರೆ ದಿನಕ್ಕೆ ಮೂರು ನಾಲ್ಕು. ಫೆಬ್ರವರಿ ಮೊದಲ ವಾರ ಸತ್ಯವೇದದ ಮೂರನೇ ಪುಸ್ತಕವಾದ ಯಾಜಕಕಾಂಡದಲ್ಲಿದ್ದಾಗ ಜ್ವರ ಬಂತು. ನಾಲ್ಕು ದಿನ ತಪ್ಪಿತು. ಹದಿಮೂರು ಅಧ್ಯಾಯ ಬಾಕಿ ಬಿತ್ತು. ಬಾಕಿ ನೋಡಿ ಭಯವಾಗಿ ಪುಸ್ತಕ ಮುಚ್ಚಿದವಳು ಈಸ್ಟರ್ ತನಕ ತೆರೆಯಲಿಲ್ಲ. ದೇವರ ಮಾತು ನನಗೆ ಸಾಲದ ಕಂತಾಗಿತ್ತು.

ಆಮೇಲೆ ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ ಹಿಡಿದೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಒಂದೇ ಘಟನೆ, ಹತ್ತು ಹದಿನೈದು ವಚನ. ನಿಮಗೂ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಮೊದಲ ಸಲ ಮನಸ್ಸಿನಲ್ಲಿ, ಎರಡನೇ ಸಲ ಬಾಯಿಬಿಟ್ಟು ಓದಿ. ಯಾವುದೋ ಒಂದು ಮಾತು ತಡೆದು ನಿಲ್ಲಿಸುತ್ತದೆ. ಅಲ್ಲೇ ನಿಂತುಬಿಡಿ.

ನನ್ನನ್ನು ನಿಲ್ಲಿಸಿದ್ದು 1ನೇ ಅಧ್ಯಾಯದ 35ನೇ ವಚನ. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ಜನರಿಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಅದರ ಹಿಂದುಮುಂದು ನೋಡಿ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು, ರೋಗಿಗಳ ನಡುವೆ ಅವನಿಗೆ ಬಿಡುವೇ ಇರಲಿಲ್ಲ. ಪ್ರಾರ್ಥನೆ ಮುಗಿಸಿ ಹೊರಟವನು ಅದೇ ಅಧ್ಯಾಯ ಮುಗಿಯುವುದರೊಳಗೆ, ಯಾರೂ ಮುಟ್ಟದ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಆ ಕತ್ತಲಿನ ಪ್ರಾರ್ಥನೆಗೂ ಆ ಚಾಚಿದ ಕೈಗೂ ನಡುವೆ ಬರೀ ಆರೇಳು ವಚನ!

ಹೆಸರು ಹಿಡಿದು ಪ್ರಾರ್ಥಿಸಿ

‘ಎಲ್ಲರನ್ನೂ ಆಶೀರ್ವದಿಸು ಕರ್ತನೇ’ ಅಂದರೆ ಪ್ರಾರ್ಥನೆ ಬೇಗ ಮುಗಿದುಬಿಡುತ್ತದೆ, ಅಲ್ವಾ? ಒಂದು ಚಿಕ್ಕ ನೋಟ್‌ಬುಕ್ ಇಡಿ. ಸೋಮವಾರ ಮನೆಯವರು, ಮಂಗಳವಾರ ಅಕ್ಕಪಕ್ಕದವರು, ಬುಧವಾರ ಕಾಯಿಲೆಯವರು, ಹೀಗೆ. ಪ್ರತಿ ಪುಟದಲ್ಲಿ ಮೂರು ನಾಲ್ಕು ಹೆಸರು ಸಾಕು. ಶುಕ್ರವಾರದ ಪುಟದಲ್ಲಿ ನಿಮಗೆ ಬೇಸರ ಮಾಡಿದವರ ಹೆಸರೂ ಇರಲಿ. ಬರೆಯುವಾಗ ಪೆನ್ನು ಸ್ವಲ್ಪ ತಡೆಯುತ್ತದೆ. ಬರೆಯಿರಿ.

ಪ್ರಾರ್ಥಿಸಿ ಎದ್ದ ಮೇಲೆ ಆ ದಿನದ ಹೆಸರುಗಳಲ್ಲಿ ಒಬ್ಬರಿಗಾದರೂ ಏನಾದರೂ ಮಾಡಿ. ಒಂದು ಫೋನ್ ಕರೆ, ಆಸ್ಪತ್ರೆಗೆ ಜೊತೆಗೆ ಹೋಗುವುದು, ಒಂದು ಡಬ್ಬಿ ಸಾರು.

ಹಿಡಿ ಅಕ್ಕಿ ತೆಗೆದಿಡಿ

ನನಗೆ ತುಂಬಾ ಇಷ್ಟವಾದ ರೂಢಿ ಇದು. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಬೇರೆ ಪಾತ್ರೆಗೆ ಹಾಕುತ್ತಾರೆ. ಅದನ್ನು ‘ಬುಹ್‌ಫಾಯಿ ಥಾಮ್’ ಎನ್ನುತ್ತಾರೆ. ಹೀಗೆ ಕೂಡಿದ ಅಕ್ಕಿ ಸಭೆಯ (ಚರ್ಚಿನ) ಕೆಲಸಕ್ಕೆ ಹೋಗುತ್ತದೆ. ಕೇರಳದಲ್ಲಿ ಸಂತ ಕುರಿಯಾಕೋಸ್ ಏಲಿಯಾಸ್ ಚಾವರ (1805–1871) ಬಡ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನ ಊಟ ಹಾಕಲು ಇದೇ ದಾರಿ ಹಿಡಿದರು. ಅಲ್ಲಿ ಅದಕ್ಕೆ ‘ಪಿಡಿಯರಿ’ ಅಂತ ಹೆಸರು.

ಮಾಡುವುದು ಸುಲಭ. ಅಕ್ಕಿ ಡ್ರಮ್ಮಿನ ಪಕ್ಕ ಒಂದು ಖಾಲಿ ಸ್ಟೀಲ್ ಡಬ್ಬಿ ಇಡಿ. ಅನ್ನಕ್ಕೆ ಅಳೆದ ಪಾವಿನಿಂದಲೇ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿ. ಡ್ರಮ್ಮಿನಿಂದ ಬೇರೆಯಾಗಿ ತೆಗೆಯಬೇಡಿ. ನಮ್ಮ ತಟ್ಟೆಗೆ ಬರಬೇಕಾದ ಅನ್ನದಲ್ಲೇ ಅದು ಕಮ್ಮಿಯಾಗಬೇಕು. ಮೊದಲ ದಿನ ಖಾಲಿ ಡಬ್ಬಿಯ ತಳಕ್ಕೆ ಕಾಳು ಬಿದ್ದು ಚಟಚಟ ಸದ್ದಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಅಕ್ಕಿಯ ಮೇಲೆ ಅಕ್ಕಿ ಬಿದ್ದು ಸದ್ದೇ ಇರುವುದಿಲ್ಲ. ಒಂದು ಹಿಡಿ ಅಂದರೆ 40–50 ಗ್ರಾಂ. ದಿನಕ್ಕೆ ಎರಡು ಹಿಡಿಯಾದರೆ ತಿಂಗಳಿಗೆ ಎರಡೂವರೆಯಿಂದ ಮೂರು ಕೆ.ಜಿ. ಒಂಟಿಯಾಗಿರುವ ಒಬ್ಬ ಅಜ್ಜಿಗೆ ಎಷ್ಟೋ ದಿನದ ಅನ್ನ.

ರಾತ್ರಿ ಒಂದು ಸಲ ಹಿಂದೆ ನೋಡಿ

ಕರಾವಳಿಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಮಾಲೆ ಇದೆ, ಬೇರೆ ಸಭೆಗಳವರಿಗೆ ಕುಟುಂಬ ಪ್ರಾರ್ಥನೆ ಇದೆ. ಅದು ಮುಗಿದ ಮೇಲೆ ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಬೆಳಿಗ್ಗೆಯಿಂದ ನಡೆದದ್ದನ್ನು ಒಂದೊಂದಾಗಿ ನೆನೆಯಿರಿ. ಯಾವುದಕ್ಕೆ ದೇವರಿಗೆ ವಂದನೆ ಹೇಳಬೇಕು? ಯಾರ ಮೇಲೆ ರೇಗಿದೆ? ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಸಿಟ್ಟನ್ನು ಸೂರ್ಯ ಮುಳುಗುವ ತನಕ ಇಟ್ಟುಕೊಳ್ಳಬೇಡಿ ಎನ್ನುತ್ತಾನೆ. ಪಕ್ಕದ ಕೋಣೆಯಲ್ಲಿ ಮಗ ಮುಖ ಊದಿಸಿಕೊಂಡು ಮಲಗಿದ್ದರೆ ಎದ್ದು ಹೋಗಿ ಮಾತಾಡಿಸಿ. ಆಮೆನ್ ಆಮೇಲೆ ಹೇಳಿದರೂ ನಡೆಯುತ್ತದೆ.

ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಮಾಡಲು ಹೋಗಬೇಡಿ. ನಿಲ್ಲಿಸಿದ ವಚನದಿಂದ ಮುಂದಕ್ಕೆ ಓದಿ. ಡಬ್ಬಿ ತುಂಬಿದ ದಿನ ಮಾತ್ರ ತಡ ಮಾಡಬೇಡಿ, ಹುಳ ಬೀಳುವ ಮುಂಚೆ ಕೊಟ್ಟುಬಿಡಿ. ಮಕ್ಕಳ ಕೈಯಲ್ಲೇ ಹೊರಿಸಿಕೊಂಡು ಹೋಗಿ, ಸ್ವಲ್ಪ ಹೊತ್ತು ಆ ಮನೆಯಲ್ಲಿ ಕೂತು ಬನ್ನಿ.