ಗ್ರಾಮಸಭೆಗೆ ಮುಂಚೆ ರಾಜಕಾಲುವೆ ಗುಂಟ ನಡೆದು ಬನ್ನಿ

ಕೆರೆ ಹೂಳೆತ್ತಿಸಬೇಕು ಅಂತ ಗ್ರೂಪಿನಲ್ಲಿ ಎಲ್ಲರೂ ಬರೆಯುತ್ತಿದ್ದೀರಿ. ಸರಿ. ಆದರೆ ಕೆರೆಗೆ ಮಳೆ ನೀರು ತರುವ ದಾರಿ, ಅಂದರೆ ರಾಜಕಾಲುವೆಯೇ ಮುಚ್ಚಿದ್ದರೆ ಹೂಳೆತ್ತಿ ಏನು ಪ್ರಯೋಜನ? ನಮ್ಮ ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಗೊತ್ತಲ್ವಾ; ಮಳೆ ನೀರು ಈ ಕಾಲುವೆಯಲ್ಲೇ ಕೆರೆಗೆ ಬರಬೇಕು.

ಸಭೆಗೆ ಎರಡು ವಾರ ಮುಂಚೆ, ಒಂದು ಭಾನುವಾರ ಬೆಳಗ್ಗೆ ಹೊರಡಿ. ಹಿಂದೆ ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದ ಹಿರಿಯರೊಬ್ಬರು, ನಾಲ್ಕು ಹೈಸ್ಕೂಲ್ ಮಕ್ಕಳು ಜೊತೆಗಿರಲಿ. ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಜಾಲಿ ಎಲ್ಲಿ ಬೆಳೆದಿದೆ, ಮೋರಿ ಎಲ್ಲಿ ಕಟ್ಟಿಕೊಂಡಿದೆ, ಮಕ್ಕಳು ಫೋಟೊ ತೆಗೆದು ನಂಬರ್ ಸಮೇತ ಬರೆದುಕೊಳ್ಳಲಿ. ಅವರಿಗೆ ಈ ಲೆಕ್ಕವನ್ನೂ ಹೇಳಿ: 1 ಎಕರೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು.

ನಾವು ಹೋದಾಗ ತಾತ ಒಬ್ಬರು ರಾಗಿ ಹೊಲದ ಬದುವನ್ನು ಕೋಲಿನಿಂದ ಕುಟ್ಟಿ, "ಕಾಲುವೆ ಇದ್ರ ಕೆಳಗೇ ಇರೋದು" ಅಂದರು. ಒತ್ತುವರಿ ಕಂಡರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ಆ್ಯಪಿನ ಗೆರೆ ಸ್ವಲ್ಪ ಆಚೀಚೆ ಇರಬಹುದು, ಅಳತೆಗೆ ಅರ್ಜಿ ಕೊಡಿ.

ಸಭೆಯಲ್ಲಿ ಸುಮ್ನೆ "ಕೆರೆ ಅಭಿವೃದ್ಧಿ" ಅಂತ ಬರೆಸಬೇಡಿ. ಯಾವ ಸರ್ವೆ ನಂಬರಿನಿಂದ ಎಲ್ಲಿಯವರೆಗೆ, ಎಷ್ಟು ಮೀಟರ್ ಕಾಲುವೆ ಸರಿಪಡಿಸಬೇಕು ಅಂತ ಬರೆಸಿ. ನಡವಳಿ ಪುಸ್ತಕದಲ್ಲಿ ಅದನ್ನು ಓದಿದ ಮೇಲೆಯೇ ಸಹಿ ಹಾಕಿ.