ಸಂಖ್ಯಾಶಾಸ್ತ್ರದ ಪಾಠಕ್ಕೆ ಆನ್‌ಲೈನ್ ಭಂಡಾರ: ನಾವು ಕಟ್ಟಿದ ಬಗೆ

ಪುಣೆಯ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾವು ಕೆಲವರು ಕನ್ನಡಿಗರು ಸೇರಿ ಈ ಭಂಡಾರ ಮಾಡಿದೆವು. ಒಳಗೆ ಬರುವ ಪ್ರತಿ ಸಾಮಗ್ರಿಗೂ ಒಂದೇ ಪರೀಕ್ಷೆ: ಮಾಡಿದವರಿಗೆ ಫೋನ್ ಹಚ್ಚದೆ ಇನ್ನೊಬ್ಬ ಮೇಷ್ಟ್ರು ನಾಳೆಯ ಪಿರಿಯಡ್‌ನಲ್ಲಿ ಅದನ್ನು ಬಳಸುವಂತಿರಬೇಕು. ನಮ್ಮ ಪೆನ್‌ಡ್ರೈವ್‌ಗಳಲ್ಲಿದ್ದ ಸ್ಲೈಡುಗಳಲ್ಲಿ ಬಹುಪಾಲು ಇಲ್ಲೇ ಬಿದ್ದುಹೋದವು.

ಒಂದು ಸಾಮಗ್ರಿಗೆ 4 ಫೈಲು: ದತ್ತಾಂಶ, ಅದರ ಕಾಲಂಗಳ ವಿವರಣೆ, ಅಭ್ಯಾಸದ ಹಾಳೆ, ಉತ್ತರ. ಮೇಲೊಂದು ಚೀಟಿ. ಅದರಲ್ಲಿ ವಿಷಯ, ಮೊದಲೇ ಗೊತ್ತಿರಬೇಕಾದದ್ದು, ತರಗತಿಯಲ್ಲಿ ಹಿಡಿಯುವ ನಿಮಿಷ, ಬೇಕಾದ ತಂತ್ರಾಂಶ, ಪರವಾನಗಿ. ಕಾಲಂ ವಿವರಣೆಯಲ್ಲಿ ಅಳತೆಯ ಮಾನ ಕಡ್ಡಾಯ. 'ಮಳೆ' ಎಂದು ಬರೆದು ಮಿಲಿಮೀಟರೋ ಸೆಂಟಿಮೀಟರೋ ಹೇಳದ ಹಾಳೆಯಿಂದ ಉಪಯೋಗವಿಲ್ಲ.

ಹೆಚ್ಚು ಕೆಲಸ ಕೊಟ್ಟದ್ದು ಉತ್ತರದ ಹಾಳೆ. 1ರಿಂದ 8ರವರೆಗಿನ ಸಂಖ್ಯೆಗಳ ಮೊದಲ ಚತುರ್ಥಕ, ಅಂದರೆ ಕೆಳಗಿನ ಕಾಲು ಭಾಗ ಮುಗಿಯುವ ಬೆಲೆ, ಎಷ್ಟು? ಅರ್ಧ ಮಾಡಿ ಕೆಳಗಿನ ಅರ್ಧದ ಮಧ್ಯಾಂಕ (ನಟ್ಟನಡುವಿನ ಬೆಲೆ) ತೆಗೆದರೆ 2.5. ಎಕ್ಸೆಲ್‌ನ 'ಕ್ವಾರ್ಟೈಲ್ ಇಂಕ್' ಸೂತ್ರ 2.75 ಕೊಡುತ್ತದೆ, ಸಂಖ್ಯಾಶಾಸ್ತ್ರದ ತಂತ್ರಾಂಶ 'ಆರ್' ತನ್ನ ಪಾಡಿಗೆ ಕೊಡುವುದೂ ಅದನ್ನೇ. ಎಕ್ಸೆಲ್‌ನದೇ 'ಕ್ವಾರ್ಟೈಲ್ ಎಕ್ಸ್‌ಕ್' 2.25 ಎನ್ನುತ್ತದೆ. ಮೂರೂ ಸರಿ, ವ್ಯಾಖ್ಯೆ ಬೇರೆ. ಯಾವ ವಿಧಾನವೆಂದು ಬರೆಯದ ಉತ್ತರ ಹಾಳೆ ಸರಿಯಾಗಿ ಮಾಡಿದ ಹುಡುಗಿಯ ಅಂಕ ಕತ್ತರಿಸುತ್ತದೆ. ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಪ್ರಮಾಣ ವಿಚಲನೆಯದೂ ಇದೇ ಕಥೆ: 2, 4, 4, 4, 5, 5, 7, 9 ಇವಕ್ಕೆ ಸರಾಸರಿಯಿಂದಿರುವ ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 2, 7ರಿಂದ ಭಾಗಿಸಿ ತೆಗೆದರೆ 2.14. ಯಾದೃಚ್ಛಿಕ (ರ‍್ಯಾಂಡಮ್) ಮಾದರಿಯ ಅಭ್ಯಾಸಗಳಲ್ಲಿ ತಂತ್ರಾಂಶದ ಆವೃತ್ತಿಯನ್ನೂ ಬರೆಯಬೇಕು. 2019ರ ಆರ್ 3.6.0ದಿಂದ 'ಸ್ಯಾಂಪಲ್' ಆದೇಶ ಮಾದರಿ ಆರಿಸುವ ವಿಧಾನವೇ ಬದಲಾಗಿದೆ. ಅದೇ ಸೀಡ್ (ಆಯ್ಕೆ ಶುರುಮಾಡುವ ಸಂಖ್ಯೆ) ಕೊಟ್ಟರೂ ಹಳೆಯ ಉತ್ತರ ಸಿಗುವುದಿಲ್ಲ.

ದತ್ತಾಂಶವನ್ನು ಸಿಎಸ್‌ವಿಯಲ್ಲೇ (ಬೆಲೆಗಳ ನಡುವೆ ಅಲ್ಪವಿರಾಮವಿರುವ ಸಾದಾ ಪಠ್ಯದ ಫೈಲು) ಇಡುತ್ತೇವೆ, ಯಾವ ತಂತ್ರಾಂಶದಲ್ಲೂ ತೆರೆಯುತ್ತದೆ. ಆದರೆ ಕನ್ನಡ ತಲೆಬರಹವಿದ್ದ ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಅಕ್ಷರ ಕಲಸಿಹೋಗಬಹುದು. ಉಳಿಸುವಾಗಲೇ 'ಸಿಎಸ್‌ವಿ ಯುಟಿಎಫ್-8' ಆರಿಸಿ. ದಿನಾಂಕ 2024-06-15 ಹೀಗಿರಲಿ. 03/04 ಎಂದರೆ ಕೆಲವು ಗಣಕಗಳಿಗೆ ಮಾರ್ಚ್, ಕೆಲವಕ್ಕೆ ಏಪ್ರಿಲ್. ಹಳೆಯ ಕನ್ನಡ ಟಿಪ್ಪಣಿಗಳು ಯುನಿಕೋಡ್‌ಗಿಂತ ಮುಂಚಿನ ಫಾಂಟುಗಳಲ್ಲಿದ್ದವು. ಕಣ್ಣಿಗೆ ಕನ್ನಡ, ಹುಡುಕಿದರೆ ಏನೂ ಸಿಗದು. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಬ್ಬರು ಕೂತು ಓದಲೇಬೇಕು.

ಸಂಖ್ಯಾಶಾಸ್ತ್ರದ ಪದಪಟ್ಟಿಯೇ ಇಡೀ ಭಂಡಾರದಲ್ಲಿ ನಮಗೆ ಹೆಚ್ಚು ಪ್ರಿಯವಾದದ್ದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿ ಮರಾಠಿ ಬಲ್ಲ ಗೆಳೆಯರ ಜೊತೆ ಕೂತು ಇಂಗ್ಲಿಷಿನಲ್ಲಿ ಪಾಠ ಕೇಳುತ್ತಾರೆ. ಮರಾಠಿ ಪಠ್ಯದಲ್ಲಿ 'ಮಧ್ಯ' ಎಂದರೆ ಸರಾಸರಿ, 'ಮಧ್ಯಕ' ಎಂದರೆ ಮಧ್ಯಾಂಕ. ಕನ್ನಡದ ಕಿವಿಗೆ 'ಮಧ್ಯ' ಎಂದೊಡನೆ ನಡುವಿನದು ಎಂದೇ ಅನಿಸುತ್ತದೆ, ಹಾಗಾಗಿ ಜೊತೆಯಲ್ಲಿ ಕೂತು ಓದುವಾಗ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ. 'ಬಹುಲಕ' (ಅತಿ ಹೆಚ್ಚು ಸಲ ಬರುವ ಬೆಲೆ) ಮಾತ್ರ ಎರಡೂ ಕಡೆ ಒಂದೇ. ಪ್ರತಿ ಪದಕ್ಕೂ ಮೂರು ಭಾಷೆಯ ರೂಪ, ಒಂದು ಪುಟ್ಟ ಲೆಕ್ಕ ಕೊಟ್ಟೆವು. ಹುಡುಕಾಟಕ್ಕೆ ಒಂದೇ ಅರ್ಥದ 'ಪ್ರಮಾಣ ವಿಚಲನೆ', 'ಮಾನಕ ವಿಚಲನೆ' ಎರಡೂ ಸೇರಿವೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶದ ಪಟ್ಟಿಯಂಥ ದತ್ತಾಂಶಗಳು ಆರ್ ಜೊತೆಗೇ ಬರುತ್ತವೆ. 6 ವಿಭಾಗ ಒಟ್ಟು ಹಾಕಿದರೆ ಗಂಡಸರಲ್ಲಿ ಸುಮಾರು 45%, ಹೆಂಗಸರಲ್ಲಿ 30% ಆಯ್ಕೆ. 'ಎ' ವಿಭಾಗ ಒಂದನ್ನೇ ನೋಡಿದರೆ ತಿರುಗುಮುರುಗು: ಗಂಡಸರಲ್ಲಿ 62%, ಹೆಂಗಸರಲ್ಲಿ 82%. ಇಂಥದ್ದಕ್ಕೆ ಮೊದಲು ಒಟ್ಟು ಕೋಷ್ಟಕದ ಹಾಳೆ ಕೊಟ್ಟು, ಮಕ್ಕಳು ತೀರ್ಮಾನ ಬರೆದ ಮೇಲೆ ವಿಭಾಗವಾರು ಹಾಳೆ ಕೊಡಬೇಕೆಂದು ಚೀಟಿಯಲ್ಲೇ ಬರೆದಿದ್ದೇವೆ. ಎರಡನ್ನೂ ಒಟ್ಟಿಗೆ ಹಂಚಿದರೆ ಪಾಠ ಸತ್ತಂತೆ.

ಪರವಾನಗಿ ಹೇಳದ ಹಾಳೆಯನ್ನು ನಕಲಿಸುವುದಿಲ್ಲ, ಕೊಂಡಿ ಮಾತ್ರ. ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಗಳಲ್ಲಿ 'ಎನ್‌ಡಿ' (ಬದಲಾಯಿಸಿ ಹಂಚುವಂತಿಲ್ಲ) ಇದ್ದರೆ ಅನುವಾದ ಹಂಚುವಂತಿಲ್ಲ. ನಮ್ಮ ಸ್ವಂತದವಕ್ಕೆಲ್ಲ 'ಸಿಸಿ ಬಿವೈ 4.0', ಅಂದರೆ ಮಾಡಿದವರ ಹೆಸರು ಹೇಳಿ ಯಾರೂ ಬಳಸಬಹುದು.

ಜೂನ್‌ನಲ್ಲಿ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡುತ್ತೇವೆ. ತಪ್ಪು ಸಿಕ್ಕರೆ ಹಳೆಯ ಫೈಲನ್ನು ಅಳಿಸದೆ ಹೊಸ ದಿನಾಂಕದ ಹೆಸರಿನಲ್ಲಿ ಇನ್ನೊಂದು ಇಟ್ಟು, ಏನು ಬದಲಾಯಿತೆಂದು ಚೀಟಿಯ ಕೊನೆಯಲ್ಲಿ ಒಂದು ಸಾಲು ಬರೆಯುತ್ತೇವೆ. ಹಳೆಯ ಹಾಳೆಯನ್ನು ಆಗಲೇ ಅಚ್ಚು ಹಾಕಿಸಿಕೊಂಡ ಮೇಷ್ಟ್ರು ಆ ಸಾಲನ್ನು ನೋಡಿ ತರಗತಿಯಲ್ಲೇ ತಿದ್ದಿಸಬಹುದು.