ಕುದುರೆ ಕಮ್ಮಿ ಇರುವ ಸ್ಟಾಕ್‌ಫಿಶ್ ವಿರುದ್ಧ ಗೆಲುವು: ನನ್ನ ಅನುಭವ

ಸ್ಟಾಕ್‌ಫಿಶ್‌ನಂಥ ಚೆಸ್ ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಆಟದ ಮೊದಲೇ ಒಂದು ಕುದುರೆ ಬಿಟ್ಟುಕೊಟ್ಟರೂ ಕ್ಲಬ್ ಮಟ್ಟದವರು ಅದರ ಮುಂದೆ ನಿಲ್ಲಲ್ಲ ಅಂತ ನಮ್ಮಲ್ಲಿ ಎಲ್ಲರದ್ದೂ ಒಂದೇ ರಾಗ. 1700ರ ಆಸುಪಾಸಿನ ರೇಟಿಂಗ್‌ನಲ್ಲೇ ಈಗ ಹತ್ತಕ್ಕೆ ಆರೇಳು ಆಟ ನನ್ನ ಕಡೆಗಿವೆ. ಎಂಜಿನ್‌ನ ಸ್ಕಿಲ್ ಲೆವೆಲ್ ಇಳಿಸಿಲ್ಲ, ಗರಿಷ್ಠ 20ರಲ್ಲೇ ಇದೆ.

ಎಂಜಿನ್‌ಗೆ ಬಿಳಿ, ಬಿ1 ಚೌಕದ ಕುದುರೆ ಹೊರಗೆ. ಥ್ರೆಡ್ (ಏಕಕಾಲಕ್ಕೆ ಓಡುವ ಲೆಕ್ಕ) 1, ಹ್ಯಾಶ್ (ಲೆಕ್ಕ ನೆನಪಿಡುವ ಮೆಮೊರಿ) 128 ಎಂಬಿ, ಪಾಂಡರ್ (ನಮ್ಮ ಸರದಿಯಲ್ಲೂ ಯೋಚಿಸುವುದು) ಆಫ್, ನಡೆಗೆ ಒಂದೆರಡು ಸೆಕೆಂಡ್. ನಮಗೆ 30 ನಿಮಿಷ, ಜೊತೆಗೆ ನಡೆಗೆ 30 ಸೆಕೆಂಡ್. ಹತ್ತು ನಿಮಿಷದ ಆಟದಲ್ಲಿ ಇದು ನಡೆಯಲ್ಲ, ಸುಮ್ಮನೆ ಬೇಸರ.

ಸ್ಟಾಕ್‌ಫಿಶ್ ತನಗೆ ಕಂಡಿದ್ದೆಲ್ಲ ಎದುರಾಳಿಗೂ ಕಾಣುತ್ತದೆ ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಸೋಲುವಾಗ ಮನುಷ್ಯನಿಗೆ ಬಲೆ ಬೀಸುವ ನಡೆ ಹುಡುಕಲ್ಲ. ರಾಣಿಗೆ ರಾಣಿ ಹೊಡೆದು ಬದಲಿಸೋಣ ಅಂದರೆ ಎಷ್ಟೋ ಸಲ ಒಪ್ಪಿಯೇ ಬಿಡುತ್ತದೆ. ಹಿಂದೆ ಇದನ್ನು ತಿದ್ದಲು ಕಂಟೆಂಪ್ಟ್ (ಎದುರಾಳಿಯನ್ನು ತನಗಿಂತ ದುರ್ಬಲ ಅಂತ ಎಣಿಸುವುದು) ಅಂತ ಒಂದು ಆಯ್ಕೆ ಇತ್ತು, ಈಗ ಅದನ್ನೇ ತೆಗೆದುಹಾಕಿದ್ದಾರೆ. ನಮ್ಮ ಲಾಭ ಅಲ್ಲೇ.

ನಮ್ಮದು ಕಪ್ಪು, ಡಿ5 ಮೊದಲು. ಇ6 ಆಡುವ ಮುಂಚೆ ಒಂಟೆಯನ್ನು ಜಿ4ಕ್ಕೆ ತಂದು ಎಫ್3ರ ಕುದುರೆಯನ್ನು ಹೊಡೆಯಬೇಕು. ಸಿ3ಗೆ ಬರುವ ಕುದುರೆಯೇ ಇಲ್ಲದ್ದರಿಂದ ಇ4 ಮೇಲೆ ಬಿಳಿಯ ಹಿಡಿತ ಸಡಿಲ, ನಮ್ಮ ಕುದುರೆ ಅಲ್ಲಿ ಆರಾಮಾಗಿ ಕೂರುತ್ತದೆ. ಕ್ಯಾಸಲಿಂಗ್‌ಗೆ (ರಾಜನನ್ನು ಆನೆಯ ಮರೆಗೆ ಸರಿಸುವುದಕ್ಕೆ) ಅವಸರ ಬೇಡ. ಬಿ1 ಖಾಲಿ ಇರುವುದರಿಂದ ಎಂಜಿನ್ ರಾಣಿ ಕಡೆಗೆ ಬೇಗ ಕ್ಯಾಸಲ್ ಮಾಡಿ ಎಚ್4, ಎಚ್5 ನೂಕಿಕೊಂಡು ಬರುತ್ತದೆ. ಆಗ ನಮ್ಮ ಎಚ್6 ಅಥವಾ ಜಿ6 ಪಾನ್ (ಕಾಲಾಳು) ಅದಕ್ಕೆ ಸಿಕ್ಕಿಸಿ ಎಳೆಯುವ ಕೊಕ್ಕೆ. ನನ್ನ ಸೋಲುಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ. ಉಳಿದವು 15ರಿಂದ 25ನೇ ನಡೆಯೊಳಗೆ, ಕಾವಲಿಲ್ಲದ ಒಂದು ಕಾಯಿಯೂ ಸೇರಿ ಎರಡರ ಮೇಲೆ ಒಟ್ಟಿಗೆ ಬೀಳುವ ಜೋಡಿ ಏಟಿನಿಂದ. ಇರುವ ಸಮಯವನ್ನೆಲ್ಲ ಅಲ್ಲೇ ಸುರಿಯಬೇಕು. ಯಾವ ನಡೆಗೆ ರಾಣಿ ಬದಲಿಸುತ್ತೇನೆ ಅನ್ನುವುದು ಮಾತ್ರ ಇಲ್ಲಿ ಬರೆಯಲ್ಲ.

ಕಾಯಿ ಬದಲಿಸಿ, ಪಾನ್ ಉಳಿಸಿ. ಪಾನ್‌ಗಳೆಲ್ಲ ಖಾಲಿಯಾಗಿ ಆನೆ-ಕುದುರೆ ಎದುರು ಬರೀ ಆನೆ ಉಳಿದರೆ ಸಾಮಾನ್ಯವಾಗಿ ಡ್ರಾ. ಐದು ಕಾಯಿಗಳ ಸಿಝಿಜಿ ಟೇಬಲ್ (ಕೊನೆಯಾಟಗಳ ಫಲಿತಾಂಶದ ಪಟ್ಟಿ, ಸುಮಾರು 1 ಜಿಬಿ) ಜೋಡಿಸಿದ್ದರೆ ಎಂಜಿನ್‌ಗೆ ಅದು ಚೆನ್ನಾಗಿ ಗೊತ್ತು, ಒಂದೊಂದೇ ಪಾನ್ ಕಿತ್ತುಕೊಂಡು ಅತ್ತಲೇ ಎಳೆಯುತ್ತದೆ. ಕಡೇಪಕ್ಷ ಮೂರು ಪಾನ್, ಎರಡೂ ಬದಿಯಲ್ಲಿ, ಇರಲೇಬೇಕು.

ನಡುವೆ ಕುದುರೆ ತೆಗೆಯದೆ ಕಾಯಿ ಸಮ ಇಟ್ಟುಕೊಂಡು, ಪಾನ್‌ಗಳನ್ನು ಎದುರುಬದುರು ಸಿಕ್ಕಿಸಿ ಕಲ್ಲುಗೋಡೆ ಕಟ್ಟುವ ಹಳೇ ಉಪಾಯವನ್ನೂ ನೋಡಿಯಾಯಿತು. 2003ರಲ್ಲಿ ಎಕ್ಸ್3ಡಿ ಫ್ರಿಟ್ಜ್ ಎಂಬ ಎಂಜಿನ್ ವಿರುದ್ಧ ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಮೂರನೇ ಆಟ ಗೆದ್ದದ್ದು ಮುಚ್ಚಿದ ಸ್ಥಿತಿಯಲ್ಲೇ. 2008ರಲ್ಲಿ ಗ್ರ್ಯಾಂಡ್‌ಮಾಸ್ಟರ್ ನಕಮುರಾ ಎದುರು ರಿಬ್ಕಾ ಎಂಬ ಎಂಜಿನ್ 50 ನಡೆಯ ಡ್ರಾ (ಅಷ್ಟು ನಡೆ ಕಾಯಿ ಹೊಡೆಯದೆ, ಪಾನ್ ಸರಿಸದೆ ಹೋದರೆ ಆಗುವ ಡ್ರಾ) ತಪ್ಪಿಸಲು ಕಾಯಿ ಬಿಟ್ಟುಕೊಟ್ಟು, 271 ನಡೆಗಳ ನಂತರ ಸೋತಿತು. ಸ್ಟಾಕ್‌ಫಿಶ್ 11ರವರೆಗೆ ಗೋಡೆ ಒಮ್ಮೊಮ್ಮೆ ನಿಲ್ಲುತ್ತದೆ, ಸಿಗುವುದು ಡ್ರಾ ಅಷ್ಟೇ. 2020ರ 12ನೇ ಆವೃತ್ತಿಯಲ್ಲಿ ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಗೋಡೆ ಏಳುವ ಮೊದಲೇ ಅದು ಸಂದು ತೆರೆದಿಡುತ್ತದೆ.

ದುಡ್ಡಿನ ವಿಷಯ. ನಡೆಗಳನ್ನು ತಾನೇ ಗುರುತಿಸುವ ಸೆನ್ಸರ್ ಚೆಸ್ ಬೋರ್ಡ್‌ಗೆ ಮೂವತ್ತು ಸಾವಿರದಷ್ಟು ಸುರಿದದ್ದು ದಂಡ. ನಾನೂರು ರೂಪಾಯಿಯ ಪ್ಲಾಸ್ಟಿಕ್ ಸೆಟ್ ಮೇಲೆ ಆಡಿ ನಡೆಗಳನ್ನು ಕೈಯಲ್ಲಿ ಒತ್ತಿದರೆ ಸಾಕು. ದುಡ್ಡು ಕೊಟ್ಟು ಕೊಂಡ ಎಂಜಿನ್ ಕೂಡ ಮೂಲೆ ಸೇರಿತು, ಸ್ಟಾಕ್‌ಫಿಶ್ ಪುಕ್ಕಟೆ. ಫೋನ್‌ನಲ್ಲಿ ಪಾಂಡರ್ ಆನ್ ಇಟ್ಟರೆ ಅರ್ಧ ಆಟಕ್ಕೇ ಬಿಸಿಯಾಗಿ ಬ್ಯಾಟರಿ ಕುಸಿಯುತ್ತದೆ. ಹನ್ನೆರಡು ಸಾವಿರದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಧಾರಾಳವಾಯಿತು.

ಇದೇ ಕ್ರಮವನ್ನು ಲಿಚೆಸ್ ಎಂಬ ಚೆಸ್ ಜಾಲತಾಣದ ಲೀಲಾ ನೈಟ್ ಆಡ್ಸ್ ಎಂಬ ಎಂಜಿನ್ ಮೇಲೆ ಹೂಡಬೇಡಿ. ಅದು ಕುದುರೆ ಕಮ್ಮಿ ಇಟ್ಟುಕೊಂಡೇ ಆಡಲು ಪಳಗಿದ್ದು. ಕಾಯಿ ಬದಲಿಸಲು ಒಪ್ಪಲ್ಲ, ಬಲೆ ಬಿಟ್ಟರೆ ಬೇರೆ ಮಾತಿಲ್ಲ. ಅಲ್ಲಿ ಹತ್ತಕ್ಕೆ ಒಂದು ಡ್ರಾ ಸಿಕ್ಕರೆ ಹೆಚ್ಚು.